ಅಪರೂಪದ ಹಾಗೂ ತೀವ್ರ ಸ್ವರೂಪದ ಅಪಸ್ಮಾರ: ಗ್ರಾಮದಿಂದ ತಜ್ಞರವರೆಗಿನ ಚಿಕಿತ್ಸಾ ವ್ಯವಸ್ಥೆ

ಪೀಠಿಕೆ

ಅಪಸ್ಮಾರವು ಮಿದುಳಿನ ಕಾಯಿಲೆ. ಜನಸಾಮಾನ್ಯರಲ್ಲಿ ಇದು ಮೂರ್ಛೆರೋಗ, ಫಿಟ್ಸ್, ಸೆಳವು ಎಂಬ ಹೆಸರುಗಳಿಂದ ಪರಿಚಿತವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ಕಾಯಿಲೆ ಇದ್ದು, ಸರಿಯಾದ ಚಿಕಿತ್ಸೆ ದೊರೆತಲ್ಲಿ ಅವರಲ್ಲಿ ಶೇಕಡಾ 70ರಷ್ಟು ಜನರು ಸೆಳವಿಲ್ಲದೆ ಬಾಳಬಲ್ಲರು. ಉಳಿದವರಲ್ಲಿ ಕೆಲವರಿಗೆ, ವಿಶೇಷವಾಗಿ ಚಿಕ್ಕ ಮಕ್ಕಳಿಗೆ, ಬರುವ ಅಪಸ್ಮಾರವು ಅಪರೂಪದ್ದೂ ತೀವ್ರ ಸ್ವರೂಪದ್ದೂ ಆಗಿರುತ್ತದೆ. ಅದು ಸಾಮಾನ್ಯ ಔಷಧಿಗಳಿಗೆ ಬಗ್ಗುವುದಿಲ್ಲ. ಮಗುವಿನ ಮಾತು, ನಡಿಗೆ, ಕಲಿಕೆಗಳನ್ನು ಕುಂಠಿತಗೊಳಿಸುತ್ತದೆ.

ಇಂತಹ ಕಾಯಿಲೆಯ ತಜ್ಞರು ದೊಡ್ಡ ನಗರಗಳಲ್ಲಿದ್ದಾರೆ. ರೋಗಿಯು ಹಲಸಂಗಿಯಂತಹ ಗ್ರಾಮದಲ್ಲೋ, ಸಿಂದಗಿ ಅಥವಾ ಮುದ್ದೇಬಿಹಾಳ ಭಾಗದ ತಾಂಡಾದಲ್ಲೋ ಇರುತ್ತಾನೆ. ವಿಜಯಪುರದಿಂದ ಬೆಂಗಳೂರು 500 ಕಿಲೋಮೀಟರಿಗೂ ಹೆಚ್ಚು ದೂರ. ಆದ್ದರಿಂದ ಯಾವ ಹಂತದಲ್ಲಿ ಯಾರ ಬಳಿ ಹೋಗಬೇಕು, ಏನನ್ನು ಕೇಳಬೇಕು, ಮರಳಿ ಬಂದ ಮೇಲೆ ಚಿಕಿತ್ಸೆಯನ್ನು ಹೇಗೆ ಮುಂದುವರಿಸಬೇಕು ಎಂಬುದನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ನಾಗರಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

1. ಎಲ್ಲ ಅಪಸ್ಮಾರಕ್ಕೂ ಬೆಂಗಳೂರಿಗೆ ಹೋಗುವ ಅಗತ್ಯವಿದೆಯೇ?

ಇಲ್ಲ. ಬಹುಪಾಲು ರೋಗಿಗಳಿಗೆ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿಯೇ ಚಿಕಿತ್ಸೆ ನೀಡಲು ಸಾಧ್ಯವಿದೆ. ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಆಧಾರವಿದೆ. ನಿಮ್ಹಾನ್ಸ್ ಸಂಸ್ಥೆಯು 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಆರಂಭಿಸಿದ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮತ್ತು ಸಿಬ್ಬಂದಿಗೆ ತರಬೇತಿ ನೀಡಿ, ಅಪಸ್ಮಾರದ ಚಿಕಿತ್ಸೆಯನ್ನೂ ಅದರಲ್ಲಿ ಸೇರಿಸಲಾಗಿತ್ತು. ಈ ಮಾದರಿಯ ಮೇಲೆ 1996ರಲ್ಲಿ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ರೂಪುಗೊಂಡಿತು. ಯಳಂದೂರಿನ ಗ್ರಾಮಗಳಲ್ಲಿ ಡಾ. ಕೆ.ಎಸ್. ಮಣಿ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಅಧ್ಯಯನವು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಫಿನೋಬಾರ್ಬಿಟೋನ್ ಮತ್ತು ಫೆನಿಟಾಯಿನ್‌ನಂತಹ ಕಡಿಮೆ ಬೆಲೆಯ ಔಷಧಿಗಳಿಂದಲೇ ಹಳ್ಳಿಗಳಲ್ಲಿ ಅಪಸ್ಮಾರವನ್ನು ಹತೋಟಿಗೆ ತರಬಹುದೆಂದು ಅದು ತೋರಿಸಿತು.

ಹೀಗಿದ್ದರೂ ಗ್ರಾಮೀಣ ಪ್ರದೇಶದಲ್ಲಿ ರೋಗದ ಹೊರೆ ಹೆಚ್ಚು. ಬೆಂಗಳೂರು ನಗರ ಮತ್ತು ಗ್ರಾಮಾಂತರ ಪ್ರದೇಶದ ಒಂದು ಲಕ್ಷಕ್ಕೂ ಅಧಿಕ ಜನರ ಸಮೀಕ್ಷೆಯ ವರದಿಯು 2004ರಲ್ಲಿ ಪ್ರಕಟವಾಗಿದ್ದು, ಅದರಂತೆ ಸಾವಿರ ಜನರಲ್ಲಿ ನಗರದಲ್ಲಿ 5.7 ಮಂದಿಗೂ ಗ್ರಾಮಗಳಲ್ಲಿ 11.9 ಮಂದಿಗೂ ಅಪಸ್ಮಾರವಿತ್ತು.

ಆದ್ದರಿಂದ ಸಮೀಪದ ಆರೋಗ್ಯ ಕೇಂದ್ರದ ಕರ್ತವ್ಯವು ಎರಡು ಬಗೆಯದು. ಮೊದಲನೆಯದು, ಸಾಮಾನ್ಯ ಅಪಸ್ಮಾರಕ್ಕೆ ಅಲ್ಲಿಯೇ ಚಿಕಿತ್ಸೆ ನೀಡುವುದು. ಎರಡನೆಯದು, ಅಪರೂಪದ ಕಾಯಿಲೆಯನ್ನು ಶಂಕಿಸಿ ತಡವಿಲ್ಲದೆ ಮುಂದಕ್ಕೆ ಕಳುಹಿಸುವುದು. ಹೆಚ್ಚಿನ ಹಾನಿ ಸಂಭವಿಸುವುದು ಈ ಎರಡನೆಯ ಕೆಲಸದಲ್ಲಿ ತಡವಾದಾಗ.

2. ತಜ್ಞರ ಬಳಿಗೆ ಯಾವಾಗ ಹೋಗಬೇಕು?

ಕೆಳಕಂಡ ಯಾವುದೇ ಒಂದು ಸಂದರ್ಭದಲ್ಲಿ ನರರೋಗ ತಜ್ಞರಿಗೆ ಕಳುಹಿಸಿಕೊಡುವಂತೆ ವೈದ್ಯಾಧಿಕಾರಿಗಳನ್ನು ಕೋರತಕ್ಕದ್ದು.

(ಅ) ಸೂಕ್ತವಾಗಿ ಆಯ್ದ ಎರಡು ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ ತಪ್ಪದೆ ಸೇವಿಸಿದರೂ ಸೆಳವು ನಿಲ್ಲದಿದ್ದಲ್ಲಿ. ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಒಕ್ಕೂಟವು 2010ರಲ್ಲಿ ಇದನ್ನೇ ಔಷಧಿಗೆ ಬಗ್ಗದ ಅಪಸ್ಮಾರವೆಂದು ನಿರೂಪಿಸಿದೆ. ಮೂರನೆಯದು, ನಾಲ್ಕನೆಯದು ಎಂದು ಔಷಧಿಗಳನ್ನು ಬದಲಿಸುತ್ತ ವರ್ಷಗಳನ್ನು ಕಳೆಯುವುದು ಉಚಿತವಲ್ಲ.

(ಆ) ಒಂದು ವರ್ಷದೊಳಗಿನ ಶಿಶುವಿಗೆ ಸೆಳವು ಬಂದಲ್ಲಿ.

(ಇ) ಮಗುವು ಕಲಿತಿದ್ದ ಮಾತು, ನಗು, ಕುಳಿತುಕೊಳ್ಳುವುದು ಮುಂತಾದವನ್ನು ಮರೆಯತೊಡಗಿದಲ್ಲಿ.

(ಈ) ಜ್ವರ ಬಂದಾಗಲೆಲ್ಲ ದೀರ್ಘಕಾಲದ ಸೆಳವು ಉಂಟಾಗುತ್ತಿದ್ದಲ್ಲಿ, ಅಥವಾ ಒಂದೇ ಮಗುವಿಗೆ ಹಲವು ಬಗೆಯ ಸೆಳವುಗಳು ಬರುತ್ತಿದ್ದಲ್ಲಿ.

(ಉ) ದೇಹದ ಒಂದೇ ಪಾರ್ಶ್ವದಲ್ಲಿ ಸೆಳವು ಮೇಲಿಂದ ಮೇಲೆ ಬಂದು ಆ ಭಾಗವು ಬಲಹೀನವಾಗುತ್ತಿದ್ದಲ್ಲಿ.

3. ತಾಯಂದಿರು ವಿಶೇಷವಾಗಿ ಗಮನಿಸಬೇಕಾದ ಲಕ್ಷಣ

ಮೂರರಿಂದ ಹನ್ನೆರಡು ತಿಂಗಳ ಕೂಸು ನಿದ್ರೆಯಿಂದ ಎದ್ದ ಕೂಡಲೇ ತಲೆಯನ್ನು ಥಟ್ಟನೆ ಮುಂದಕ್ಕೆ ಬಾಗಿಸಿ, ಎರಡೂ ಕೈಗಳನ್ನು ಚಾಚಿ, ಕ್ಷಣದಲ್ಲಿ ಸಡಿಲಗೊಂಡು, ಕೆಲವು ಸೆಕೆಂಡುಗಳ ಬಳಿಕ ಮತ್ತೆ ಹಾಗೆಯೇ ಮಾಡಬಹುದು. ಇದು ಒಂದರ ಹಿಂದೆ ಒಂದರಂತೆ ಹತ್ತಾರು ಬಾರಿ ನಡೆಯಬಹುದು. ಮನೆಯವರು ಇದನ್ನು ಹೊಟ್ಟೆನೋವೆಂದೋ, ಕೂಸು ಬೆಚ್ಚಿತೆಂದೋ, ದೃಷ್ಟಿ ತಾಗಿತೆಂದೋ ಭಾವಿಸುವುದುಂಟು. ಇದು ವೆಸ್ಟ್ ರೋಗಲಕ್ಷಣವೆಂಬ ತೀವ್ರ ಅಪಸ್ಮಾರವಾಗಿರುವ ಸಾಧ್ಯತೆ ಇದೆ. ಇಂಗ್ಲೆಂಡಿನ ವೈದ್ಯ ವೆಸ್ಟ್ ಎಂಬುವರು 1841ರಲ್ಲಿ ತಮ್ಮ ಸ್ವಂತ ಮಗನಲ್ಲಿಯೇ ಇದನ್ನು ಕಂಡು ಮೊದಲ ಬಾರಿಗೆ ವರ್ಣಿಸಿದರು. ಹಾರ್ಮೋನು ಚಿಕಿತ್ಸೆ ಹಾಗೂ ವಿಗಾಬಟ್ರಿನ್ ಔಷಧಿಯಿಂದ ಇದನ್ನು ನಿಲ್ಲಿಸಲು ಸಾಧ್ಯವಿದೆ. ಆದರೆ ಚಿಕಿತ್ಸೆ ತಡವಾದಷ್ಟೂ ಮಗುವಿನ ಬುದ್ಧಿಯ ಬೆಳವಣಿಗೆಗೆ ಆಗುವ ನಷ್ಟ ಹೆಚ್ಚು. ಇಲ್ಲಿ ತಿಂಗಳುಗಳಲ್ಲ, ದಿನಗಳೇ ಲೆಕ್ಕಕ್ಕೆ ಬರುತ್ತವೆ. ಕೂಸಿನ ಈ ಚಲನೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಮರುದಿನವೇ ವೈದ್ಯರಿಗೆ ತೋರಿಸತಕ್ಕದ್ದು. ಬಾಯಿಮಾತಿನ ವಿವರಣೆಗಿಂತ ಅರ್ಧ ನಿಮಿಷದ ಚಿತ್ರವು ವೈದ್ಯರಿಗೆ ಹೆಚ್ಚು ಉಪಯುಕ್ತ.

4. ಕಾಯಿಲೆಯ ಹೆಸರು ಏಕೆ ಮುಖ್ಯ?

ಅಪರೂಪದ ಅಪಸ್ಮಾರಗಳಲ್ಲಿ ಹೆಸರು ತಿಳಿದರೆ ಚಿಕಿತ್ಸೆಯೇ ಬದಲಾಗುತ್ತದೆ. ಕೆಲವು ಉದಾಹರಣೆಗಳು ಹೀಗಿವೆ.

ಡ್ರಾವೆ ರೋಗಲಕ್ಷಣ: ಫ್ರಾನ್ಸಿನ ವೈದ್ಯೆ ಷಾರ್ಲೊಟ್ ಡ್ರಾವೆ ಅವರು 1978ರಲ್ಲಿ ಇದನ್ನು ವರ್ಣಿಸಿದರು. ಮೊದಲ ವರ್ಷದಲ್ಲಿ ಜ್ವರದೊಂದಿಗೆ ದೀರ್ಘ ಸೆಳವುಗಳು ಆರಂಭವಾಗುತ್ತವೆ. ಬಹುತೇಕ ಮಕ್ಕಳಲ್ಲಿ ವಂಶವಾಹಿಯೊಂದರ ದೋಷವು ಇದಕ್ಕೆ ಕಾರಣ. ಇತರ ಅಪಸ್ಮಾರಗಳಲ್ಲಿ ಗುಣ ನೀಡುವ ಕಾರ್ಬಮಜೆಪಿನ್‌ನಂತಹ ಔಷಧಿಯು ಈ ಮಕ್ಕಳಲ್ಲಿ ಸೆಳವನ್ನು ಹೆಚ್ಚಿಸಬಹುದು.

ಪಿರಿಡಾಕ್ಸಿನ್ ಅವಲಂಬಿತ ಅಪಸ್ಮಾರ: ಹುಟ್ಟಿದ ಕೆಲವೇ ದಿನಗಳಲ್ಲಿ ಆರಂಭವಾಗುವ ಈ ಸೆಳವು ಅಪಸ್ಮಾರದ ಔಷಧಿಗಳಿಗೆ ನಿಲ್ಲದೆ, ಬಿ6 ಜೀವಸತ್ವಕ್ಕೆ ನಿಲ್ಲುತ್ತದೆ.

ಗ್ಲೂಟ್-1 ಕೊರತೆ: ಮಿದುಳಿಗೆ ಸಕ್ಕರೆಯ ಅಂಶ ಸಾಕಷ್ಟು ತಲುಪದ ಈ ಕಾಯಿಲೆಗೆ ಕೀಟೋಜೆನಿಕ್ ಆಹಾರವೇ ಪ್ರಧಾನ ಚಿಕಿತ್ಸೆ. ಈ ಪಥ್ಯದಲ್ಲಿ ಕೊಬ್ಬು ಹೆಚ್ಚು. ರೊಟ್ಟಿ, ಅನ್ನ, ಬೆಲ್ಲ ಮುಂತಾದವು ಅತ್ಯಲ್ಪ. ಜೋಳದ ರೊಟ್ಟಿಯೇ ಮುಖ್ಯ ಆಹಾರವಾದ ಮನೆಗಳಲ್ಲಿ ಇದನ್ನು ಸ್ವಂತ ಇಚ್ಛೆಯಿಂದ ಆರಂಭಿಸಬಾರದು. ಆಹಾರ ತಜ್ಞರು ತೂಕ ಹಾಕಿ ನಿಗದಿಪಡಿಸಿದ ಪ್ರಮಾಣದಲ್ಲಿ ಮಾತ್ರ ನೀಡತಕ್ಕದ್ದು.

ಲೆನಾಕ್ಸ್-ಗ್ಯಾಸ್ಟೊ ರೋಗಲಕ್ಷಣ: ಮಗು ಹಠಾತ್ತನೆ ಕುಸಿದು ಬೀಳುವುದು, ನಿದ್ರೆಯಲ್ಲಿ ಮೈ ಬಿಗಿಯುವುದು, ಶೂನ್ಯದೃಷ್ಟಿಯಿಂದ ನೋಡುವುದು ಮುಂತಾದ ಹಲವು ಬಗೆಯ ಸೆಳವುಗಳು ಒಟ್ಟಿಗಿರುತ್ತವೆ.

ಮಿದುಳಿನ ಒಂದು ನಿರ್ದಿಷ್ಟ ಭಾಗದಿಂದ ಸೆಳವು ಹುಟ್ಟುತ್ತಿದ್ದಲ್ಲಿ ಶಸ್ತ್ರಚಿಕಿತ್ಸೆಯಿಂದಲೂ ಪ್ರಯೋಜನ ದೊರೆಯಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ 1995ರಿಂದ ಅಪಸ್ಮಾರದ ಶಸ್ತ್ರಚಿಕಿತ್ಸೆ ನಡೆಯುತ್ತಿದೆ.

5. ಚಿಕಿತ್ಸೆಯ ಹಂತಗಳು

ಮೊದಲನೆಯ ಹಂತ – ಗ್ರಾಮ: ಆಶಾ ಕಾರ್ಯಕರ್ತೆ ಹಾಗೂ ಅಂಗನವಾಡಿ ಕಾರ್ಯಕರ್ತೆಯರಿಗೆ ವಿಷಯ ತಿಳಿಸುವುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಭೇಟಿ ನೀಡಿ 18 ವರ್ಷದೊಳಗಿನ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಸೆಳವಿನ ಕಾಯಿಲೆಯೂ ಈ ತಪಾಸಣೆಯ ಪಟ್ಟಿಯಲ್ಲಿದೆ. ಸೆಳವು ಬರುತ್ತದೆಂಬ ಕಾರಣಕ್ಕೆ ಮಗುವನ್ನು ತಪಾಸಣೆಯ ದಿನ ಮನೆಯಲ್ಲಿಯೇ ಉಳಿಸಿಕೊಳ್ಳುವುದು ಸರಿಯಲ್ಲ. ಅಂದು ಆ ಮಗುವೇ ಮೊದಲು ಹೋಗಬೇಕು.

ಎರಡನೆಯ ಹಂತ – ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ತಾಲ್ಲೂಕು ಆಸ್ಪತ್ರೆ: ಇಲ್ಲಿ ಆರಂಭಿಕ ಚಿಕಿತ್ಸೆ, ನಿತ್ಯದ ಔಷಧಿ ಹಾಗೂ ಮೇಲಿನ ಆಸ್ಪತ್ರೆಗೆ ಶಿಫಾರಸು ಪತ್ರ ಪಡೆಯತಕ್ಕದ್ದು.

ಮೂರನೆಯ ಹಂತ – ಜಿಲ್ಲಾ ಕೇಂದ್ರ: ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆಯಲ್ಲದೆ ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಮತ್ತು ಅಲ್-ಅಮೀನ್ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ (ಇಇಜಿ) ಹಾಗೂ ಎಂಆರ್‌ಐ ಚಿತ್ರಣವನ್ನು ಸಾಧ್ಯವಾದಷ್ಟೂ ಈ ಹಂತದಲ್ಲಿಯೇ ಮಾಡಿಸಿಕೊಂಡಲ್ಲಿ ದೂರದ ಪ್ರಯಾಣಗಳು ಕಡಿಮೆಯಾಗುತ್ತವೆ. ರಾಜ್ಯ ಆರೋಗ್ಯ ಇಲಾಖೆ, ನಿಮ್ಹಾನ್ಸ್ ಮತ್ತು ನೀತಿ ಆಯೋಗದ ಸಹಯೋಗದಲ್ಲಿ 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರು ದಕ್ಷಿಣ ಭಾಗದಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, ತರುವಾಯ ಇತರ ಜಿಲ್ಲೆಗಳಿಗೂ ವಿಸ್ತರಿಸಿತು. ಅಪಸ್ಮಾರವು ಅದರ ವ್ಯಾಪ್ತಿಯಲ್ಲಿದೆ. ಜಿಲ್ಲಾ ಆಸ್ಪತ್ರೆಗೆ ಹೋದಾಗ ಮಿದುಳು ಆರೋಗ್ಯ ಚಿಕಿತ್ಸಾಲಯದ ದಿನ ಮತ್ತು ವೇಳೆಯನ್ನು ವಿಚಾರಿಸಿಕೊಳ್ಳುವುದು.

ನಾಲ್ಕನೆಯ ಹಂತ – ಉನ್ನತ ಸಂಸ್ಥೆಗಳು: ಹುಬ್ಬಳ್ಳಿಯ ಕಿಮ್ಸ್ ಎಂದೇ ಪರಿಚಿತವಾದ ವೈದ್ಯಕೀಯ ಸಂಸ್ಥೆ, ಧಾರವಾಡದ ಡಿಮ್ಹಾನ್ಸ್ ಹಾಗೂ ಅಂತಿಮವಾಗಿ ಬೆಂಗಳೂರಿನ ನಿಮ್ಹಾನ್ಸ್. ವಂಶವಾಹಿ ಸಂಬಂಧಿತ ಕಾಯಿಲೆಯ ಶಂಕೆ ಇದ್ದಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳು ಜೊತೆಗೂಡಿದ ಅಪರೂಪದ ಕಾಯಿಲೆಗಳ ಉತ್ಕೃಷ್ಟತಾ ಕೇಂದ್ರವಿದೆ.

ಐದನೆಯ ಹಂತ – ಮರಳಿ ಗ್ರಾಮಕ್ಕೆ: ಬಹಳಷ್ಟು ಕುಟುಂಬಗಳ ಚಿಕಿತ್ಸೆ ತುಂಡಾಗುವುದು ಈ ಹಂತದಲ್ಲಿ. ತಜ್ಞರು ಬರೆದ ಔಷಧಿ ಮೂರು ತಿಂಗಳಲ್ಲಿ ಮುಗಿಯುತ್ತದೆ. ಅದು ಊರಿನಲ್ಲಿ ದೊರೆಯುವುದಿಲ್ಲ. ಮತ್ತೆ ಬೆಂಗಳೂರಿಗೆ ಹೋಗಲು ಕೂಲಿ ಬಿಡಬೇಕಾಗುತ್ತದೆ. ಔಷಧಿ ನಿಂತ ಕೆಲವೇ ದಿನಗಳಲ್ಲಿ ಸೆಳವು ಮೊದಲಿಗಿಂತಲೂ ತೀವ್ರವಾಗಿ ಮರುಕಳಿಸುತ್ತದೆ. ಆದ್ದರಿಂದ ಉನ್ನತ ಆಸ್ಪತ್ರೆಯಿಂದ ಹೊರಡುವ ಮುನ್ನ ಕೆಳಕಂಡ ನಾಲ್ಕು ವಿಷಯಗಳನ್ನು ಬರಹದಲ್ಲಿ ಪಡೆಯತಕ್ಕದ್ದು: ಕಾಯಿಲೆಯ ಹೆಸರು, ಔಷಧಿಯ ಹೆಸರು ಮತ್ತು ಪ್ರಮಾಣ, ನೀಡಬಾರದ ಔಷಧಿಗಳು, ಸೆಳವು ನಿಲ್ಲದಿದ್ದಾಗ ಊರಿನ ವೈದ್ಯರು ಕೈಗೊಳ್ಳಬೇಕಾದ ಕ್ರಮ. ಈ ಪತ್ರದ ಪ್ರತಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನೀಡಿ, ಮುಂದಿನ ಔಷಧಿಯ ಪೂರೈಕೆಯ ಬಗ್ಗೆ ಒಂದು ತಿಂಗಳು ಮೊದಲೇ ವಿಚಾರಿಸುವುದು. ಮರುಭೇಟಿಗಳಲ್ಲಿ ಕೆಲವನ್ನು ವೀಡಿಯೊ ಸಮಾಲೋಚನೆಯ ಮೂಲಕ ನಡೆಸಲು ಸಾಧ್ಯವೇ ಎಂಬುದನ್ನೂ ತಜ್ಞರಲ್ಲಿ ಕೇಳಬಹುದು.

6. ರೋಗಿಯ ಕಡತ

ಪ್ರತಿಯೊಂದು ಕುಟುಂಬವು ಒಂದು ಕಡತವನ್ನು ಇಟ್ಟುಕೊಳ್ಳತಕ್ಕದ್ದು. ಅದರಲ್ಲಿ ಇರಬೇಕಾದವು:

– ಸೆಳವು ಬಂದ ದಿನಾಂಕ, ವೇಳೆ, ಎಷ್ಟು ನಿಮಿಷ ಇತ್ತು, ಆಗ ಜ್ವರವಿತ್ತೇ ಎಂಬ ದಿನಚರಿ
– ಈವರೆಗೆ ನೀಡಿದ ಎಲ್ಲ ಔಷಧಿಗಳ ಪಟ್ಟಿ, ಪ್ರಮಾಣ ಮತ್ತು ನಿಲ್ಲಿಸಿದ ಕಾರಣ
– ಇಇಜಿ, ಎಂಆರ್‌ಐ ಹಾಗೂ ರಕ್ತಪರೀಕ್ಷೆಯ ವರದಿಗಳು
– ಹೆರಿಗೆಯ ವಿವರ ಮತ್ತು ಲಸಿಕೆ ಕಾರ್ಡ್
– ರಕ್ತಸಂಬಂಧದಲ್ಲಿ ವಿವಾಹವಾಗಿದ್ದಲ್ಲಿ ಹಾಗೂ ಮನೆತನದಲ್ಲಿ ಇತರರಿಗೆ ಈ ಕಾಯಿಲೆ ಇದ್ದಲ್ಲಿ ಅದರ ಮಾಹಿತಿ
– ಆಧಾರ್ ಮತ್ತು ಪಡಿತರ ಚೀಟಿಯ ಪ್ರತಿಗಳು

ಓದುಬರಹ ಬಾರದವರು ಶಾಲೆಯ ಶಿಕ್ಷಕರಿಂದಲೋ ಆಶಾ ಕಾರ್ಯಕರ್ತೆಯಿಂದಲೋ ದಿನಚರಿಯನ್ನು ಬರೆಸಿಕೊಳ್ಳಬಹುದು. ಗಡಿಭಾಗದ ಅನೇಕರು ಸೋಲಾಪುರದ ಆಸ್ಪತ್ರೆಗಳಿಗೂ ಹೋಗುವುದರಿಂದ ಅಲ್ಲಿಯ ಕಾಗದಪತ್ರಗಳನ್ನೂ ಇದೇ ಕಡತದಲ್ಲಿ ಸೇರಿಸುವುದು. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಮಹಾರಾಷ್ಟ್ರ ಅಥವಾ ಗೋವಾಕ್ಕೆ ಗುಳೆ ಹೋಗುವ ಕುಟುಂಬಗಳು ಹೊರಡುವ ಮುನ್ನ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಸಾಧ್ಯವಿದ್ದಷ್ಟು ಅವಧಿಯ ಔಷಧಿಯನ್ನೂ ಕಡತವನ್ನೂ ಜೊತೆಗೆ ಒಯ್ಯತಕ್ಕದ್ದು.

7. ಸೆಳವು ಬಂದಾಗ ಏನು ಮಾಡಬೇಕು?

ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಕೊರಳಿನ ಬಟ್ಟೆ ಸಡಿಲಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡಬೇಕು. ಒಲೆ, ನೀರು, ಕಲ್ಲುಗಳಿಂದ ದೂರವಿರಿಸಬೇಕು. ಬಾಯಿಯಲ್ಲಿ ಚಮಚ, ಬಟ್ಟೆ, ನೀರು, ಔಷಧಿ ಏನನ್ನೂ ಹಾಕಬಾರದು. ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ಕೈಯಲ್ಲಿ ಕಬ್ಬಿಣ ಹಿಡಿಸುವುದು, ಚಪ್ಪಲಿ ಅಥವಾ ಉಳ್ಳಾಗಡ್ಡಿಯ ವಾಸನೆ ತೋರಿಸುವುದರಿಂದ ಪ್ರಯೋಜನವಿಲ್ಲ. ಬಹುತೇಕ ಸೆಳವುಗಳು ಎರಡು ಮೂರು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುವುದರಿಂದ ಇವುಗಳಿಂದಲೇ ನಿಂತಿತೆಂಬ ಭಾವನೆ ಬೆಳೆದಿದೆ.

ಗಡಿಯಾರವನ್ನು ನೋಡಬೇಕು. ಸೆಳವು ಐದು ನಿಮಿಷ ದಾಟಿದಲ್ಲಿ, ಅಥವಾ ಎಚ್ಚರವಾಗುವ ಮುನ್ನವೇ ಮತ್ತೊಂದು ಬಂದಲ್ಲಿ ಅದು ಪ್ರಾಣಾಪಾಯದ ಸ್ಥಿತಿ. ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು. ಪದೇಪದೇ ದೀರ್ಘ ಸೆಳವು ಬರುವವರಿಗೆ ಮೂಗಿನಲ್ಲಿ ಸಿಂಪಡಿಸುವ ಮಿಡಜೋಲಮ್ ಔಷಧಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತೆ ತಜ್ಞರು ಬರೆದುಕೊಡುತ್ತಾರೆ. ಹಳ್ಳಿಯಿಂದ ಆಸ್ಪತ್ರೆಗೆ ತಲುಪಲು ಅರ್ಧ ಗಂಟೆಗೂ ಹೆಚ್ಚು ಬೇಕಾಗುವ ಕುಟುಂಬಗಳು ಇದನ್ನು ತಜ್ಞರಲ್ಲಿ ತಪ್ಪದೆ ಕೇಳಿ, ಬಳಸುವ ವಿಧಾನವನ್ನು ಮನೆಯ ಇಬ್ಬರಾದರೂ ಕಲಿತಿರಬೇಕು. ಸೆಳವು ಹತೋಟಿಗೆ ಬಾರದವರು ಬಾವಿ, ಹೊಳೆ, ಕಾಲುವೆಗಳಿಗೆ ಒಬ್ಬರೇ ಹೋಗಬಾರದು. ಒಲೆಯ ಮುಂದೆ ಒಬ್ಬರೇ ಕುಳಿತು ಅಡುಗೆ ಮಾಡಬಾರದು.

8. ಲಭ್ಯವಿರುವ ಸೌಲಭ್ಯಗಳು

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ: 2018ರಿಂದ ಜಾರಿಯಲ್ಲಿರುವ ಈ ಯೋಜನೆಯಡಿ ಆದ್ಯತಾ ಪಡಿತರ ಚೀಟಿ ಹೊಂದಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ, ಇತರ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇಕಡಾ 30ರಂತೆ ವರ್ಷಕ್ಕೆ 1.5 ಲಕ್ಷ ರೂಪಾಯಿಗಳವರೆಗೆ ನೆರವು ದೊರೆಯುತ್ತದೆ. ತುರ್ತು ಸಂದರ್ಭವನ್ನು ಹೊರತುಪಡಿಸಿ, ಉನ್ನತ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ದಾಖಲಾಗುವ ಮುನ್ನ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಭೇಟಿ ಮಾಡತಕ್ಕದ್ದು.

ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ, 2021: ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ, ಉತ್ಕೃಷ್ಟತಾ ಕೇಂದ್ರದಲ್ಲಿ ನೋಂದಾಯಿಸಿದ ರೋಗಿಗೆ 50 ಲಕ್ಷ ರೂಪಾಯಿಗಳವರೆಗೆ ನೆರವಿಗೆ ಅವಕಾಶವಿದೆ. ಅಪಸ್ಮಾರವಿದೆ ಎಂಬುದಷ್ಟರಿಂದಲೇ ಇದು ದೊರೆಯುವುದಿಲ್ಲ. ಸೆಳವಿಗೆ ಕಾರಣವಾದ ಮೂಲ ಕಾಯಿಲೆಯು ಪಟ್ಟಿಯಲ್ಲಿರಬೇಕು. ಕಾಯಿಲೆಯ ಹೆಸರನ್ನು ಖಚಿತಪಡಿಸಿಕೊಳ್ಳುವುದು ಈ ಕಾರಣದಿಂದಲೂ ಅವಶ್ಯ.

ಅಂಗವೈಕಲ್ಯ ಪ್ರಮಾಣಪತ್ರ: 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದಲ್ಲಿ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಲಾಗಿದ್ದು, ಅಪಸ್ಮಾರವು ಪ್ರತ್ಯೇಕವಾಗಿ ಅವುಗಳಲ್ಲಿಲ್ಲ. ಆದರೆ ತೀವ್ರ ಅಪಸ್ಮಾರದೊಂದಿಗೆ ಬೌದ್ಧಿಕ ಅಂಗವೈಕಲ್ಯ, ಮಿದುಳಿನ ಪಾರ್ಶ್ವವಾಯು ಅಥವಾ ಬಹುವಿಧ ಅಂಗವೈಕಲ್ಯ ಇದ್ದಲ್ಲಿ ಆ ಆಧಾರದ ಮೇಲೆ ಅರ್ಜಿ ಸಲ್ಲಿಸಬಹುದು. ಅರ್ಜಿಯಲ್ಲಿ ಕೇವಲ ‘ಫಿಟ್ಸ್’ ಎಂದು ನಮೂದಿಸಿದಲ್ಲಿ ತಿರಸ್ಕೃತವಾಗುವ ಸಂಭವವಿದೆ. ಶೇಕಡಾ 40 ಮತ್ತು ಅದಕ್ಕೂ ಹೆಚ್ಚಿನ ಅಂಗವೈಕಲ್ಯವುಳ್ಳವರು ಮಾಸಾಶನ ಮುಂತಾದ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸಬಹುದು.

ನಿರಾಮಯ ಆರೋಗ್ಯ ವಿಮೆ: 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದ ವ್ಯಾಪ್ತಿಗೆ ಬರುವ ಆಟಿಸಂ, ಮಿದುಳಿನ ಪಾರ್ಶ್ವವಾಯು, ಬೌದ್ಧಿಕ ಹಾಗೂ ಬಹುವಿಧ ಅಂಗವೈಕಲ್ಯವುಳ್ಳವರಿಗೆ 1 ಲಕ್ಷ ರೂಪಾಯಿಗಳವರೆಗೆ ವಿಮಾ ರಕ್ಷಣೆ ಇದೆ. ಹೊರರೋಗಿ ಚಿಕಿತ್ಸೆಯೂ ಇದರಲ್ಲಿ ಸೇರಿದೆ.

ಪ್ರಯಾಣ: ಜೂನ್ 2023ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಮಹಿಳೆಯರು ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವ ತಾಯಂದಿರಿಗೆ ಇದು ಅನುಕೂಲಕರ. ರಾತ್ರಿ ಪ್ರಯಾಣದಲ್ಲಿ ನಿದ್ರೆಗೆಟ್ಟರೆ ಸೆಳವು ಬರುವ ಸಂಭವ ಹೆಚ್ಚು. ಆದ್ದರಿಂದ ಔಷಧಿಯನ್ನು ಕೈಚೀಲದಲ್ಲಿಯೇ ಇರಿಸಿಕೊಂಡು ವೇಳೆಗೆ ಸರಿಯಾಗಿ ನೀಡತಕ್ಕದ್ದು.

9. ಮಗು ದೊಡ್ಡದಾದ ಮೇಲೆ

ಬಾಲ್ಯದಲ್ಲಿ ಆರಂಭವಾದ ತೀವ್ರ ಅಪಸ್ಮಾರವು ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ವಯಸ್ಸು 18 ಸಮೀಪಿಸಿದಾಗ ಮಕ್ಕಳ ವೈದ್ಯರು ವಯಸ್ಕರ ನರರೋಗ ತಜ್ಞರಿಗೆ ರೋಗಿಯನ್ನು ವಹಿಸಿಕೊಡುತ್ತಾರೆ. ಈ ವೇಳೆಯಲ್ಲಿ ಪೂರ್ಣ ಸಾರಾಂಶ ಪತ್ರವನ್ನು ಕೇಳಿ ಪಡೆಯತಕ್ಕದ್ದು. ಸ್ವತಃ ನಿರ್ಧಾರ ಕೈಗೊಳ್ಳಲು ಅಶಕ್ತರಾದ, ರಾಷ್ಟ್ರೀಯ ನ್ಯಾಸ ಅಧಿನಿಯಮದ ವ್ಯಾಪ್ತಿಗೆ ಬರುವ ವಯಸ್ಕರಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಯ ಮೂಲಕ ಕಾನೂನುಬದ್ಧ ಪೋಷಕರ ನೇಮಕಕ್ಕೆ ಅರ್ಜಿ ಸಲ್ಲಿಸಬಹುದು. ‘ನಮ್ಮ ನಂತರ ಯಾರು?’ ಎಂಬ ತಂದೆತಾಯಿಗಳ ಚಿಂತೆಗೆ ಕಾನೂನಿನಲ್ಲಿರುವ ಒಂದು ಉತ್ತರ ಇದು.

ಸೋಡಿಯಂ ವಾಲ್ಪ್ರೋಯೇಟ್ ಸೇವಿಸುವ ಹೆಣ್ಣುಮಕ್ಕಳು ಗರ್ಭಧಾರಣೆಗೆ ಮುನ್ನವೇ ತಜ್ಞರನ್ನು ಕಾಣಬೇಕು. ಆ ಔಷಧಿಯಿಂದ ಭ್ರೂಣಕ್ಕೆ ಹಾನಿಯಾಗುವ ಸಂಭವವಿದೆ. ಆದರೆ ಯಾವ ಔಷಧಿಯನ್ನೂ ತಾವಾಗಿಯೇ ನಿಲ್ಲಿಸಬಾರದು. ಅಪಸ್ಮಾರವು ವಿವಾಹವನ್ನು ಅಸಿಂಧುಗೊಳಿಸುವ ಕಾರಣವೆಂಬ ಅಂಶವನ್ನು 1999ರ ತಿದ್ದುಪಡಿಯ ಮೂಲಕ ಹಿಂದೂ ವಿವಾಹ ಅಧಿನಿಯಮದಿಂದ ಹಾಗೂ ವಿಶೇಷ ವಿವಾಹ ಅಧಿನಿಯಮದಿಂದ ತೆಗೆದುಹಾಕಲಾಗಿದೆ.

10. ಆರೈಕೆ ಮಾಡುವವರ ಆರೋಗ್ಯ

ರಾತ್ರಿಯಿಡೀ ಮಗುವಿನ ಉಸಿರನ್ನು ಆಲಿಸುತ್ತ ಎಚ್ಚರವಿರುವ ತಾಯಿಯೂ ಆರೈಕೆಗೆ ಅರ್ಹಳು. ಮನಸ್ಸಿನ ಬಳಲಿಕೆ, ನಿರಾಶೆ ಕಾಡಿದಲ್ಲಿ ಅಕ್ಟೋಬರ್ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಅಪಸ್ಮಾರವು ಸ್ಪರ್ಶದಿಂದ ಅಂಟುವುದಿಲ್ಲ. ಅದು ಯಾರ ಪಾಪದ ಫಲವೂ ಅಲ್ಲ. ದೇವರ ಮೇಲಿನ ನಂಬಿಕೆಯು ಚಿಕಿತ್ಸೆಗೆ ಅಡ್ಡಿಯಲ್ಲ. ಹರಕೆ ಸಲ್ಲಿಸುವವರೂ ಔಷಧಿಯನ್ನು ಒಂದು ಹೊತ್ತೂ ತಪ್ಪಿಸದಿರಬೇಕು.

ನೆನಪಿಡಬೇಕಾದ ಅಂಶಗಳು

ಐದು ನಿಮಿಷ ದಾಟಿದ ಸೆಳವಿಗೆ 108. ಎರಡು ಔಷಧಿಗಳಿಗೆ ನಿಲ್ಲದ ಸೆಳವಿಗೆ ತಜ್ಞರು. ವರ್ಷದೊಳಗಿನ ಕೂಸಿನ ಸೆಳವಿಗೆ ತಡವಿಲ್ಲದ ತಪಾಸಣೆ. ಎಲ್ಲ ಹಂತಗಳಿಗೂ ಒಂದೇ ಕಡತ. ತಜ್ಞರು ದೂರದಲ್ಲಿದ್ದರೂ ಚಿಕಿತ್ಸೆ ನಡೆಯುವುದು ಮನೆಯಲ್ಲಿ. ಆದ್ದರಿಂದ ಮನೆ, ಆರೋಗ್ಯ ಕೇಂದ್ರ ಮತ್ತು ತಜ್ಞರ ನಡುವಿನ ಸಂಪರ್ಕ ಕಡಿಯದಂತೆ ನೋಡಿಕೊಳ್ಳುವುದು ಎಲ್ಲರ ಹೊಣೆ.

ಹೆಚ್ಚಿನ ಮಾಹಿತಿಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು, ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು ಅಥವಾ ವಿಜಯಪುರದ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಸಾರ್ವಜನಿಕರು ಈ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.